ಕ್ಯಾರಿ ಅಂಡರ್‌ವುಡ್ ಕಾಲೇಜು ಬಿಟ್ಟು ಗೆದ್ದರೇ?

ಪ್ರಶ್ನೆ: ನನ್ನ ತಂಗಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಟಿವಿಯ ಹಾಡಿನ ಸ್ಪರ್ಧೆಯೊಂದರ ಮೊದಲ ಸುತ್ತುಗಳನ್ನು ದಾಟಿದ್ದಾಳೆ. ಈಗ ಕಾಲೇಜು ಬಿಟ್ಟು ಪೂರ್ತಿ ಅದಕ್ಕೇ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ. ಅಮೆರಿಕದ ಟಿವಿ ಹಾಡಿನ ಸ್ಪರ್ಧೆ ‘ಅಮೆರಿಕನ್ ಐಡಲ್’ ಗೆದ್ದ ಕ್ಯಾರಿ ಅಂಡರ್‌ವುಡ್ ಕೂಡ ಕಾಲೇಜು ಬಿಟ್ಟೇ ಗೆದ್ದದ್ದು ಎಂಬುದು ಅವಳ ವಾದ. ಇದು ನಿಜವೇ? ಆಕೆಯ ಬದುಕು, ಓದು ಹೇಗಿತ್ತು? ಇಂಥ ಸ್ಪರ್ಧೆ ಗೆದ್ದವರಿಗೆ ಓದಿನಿಂದ ಏನಾದರೂ ಉಪಯೋಗವಾಗುತ್ತದೆಯೇ, ಇಲ್ಲವೇ ಅದು ಮನೆಯವರ ಸಮಾಧಾನಕ್ಕೆ ಮಾತ್ರವೇ?

ಉತ್ತರ: ನಿಮ್ಮ ತಂಗಿಯ ಮಾತಿನಲ್ಲಿ ಅರ್ಧ ಮಾತ್ರ ಸರಿ. ಪದವಿ ಮುಗಿಯುವ ಮೊದಲೇ ಕ್ಯಾರಿ ಅಂಡರ್‌ವುಡ್ ಸ್ಪರ್ಧೆಗೆ ಹೋದದ್ದು ನಿಜ. ಆದರೆ ಅವರು ಕಾಲೇಜು ಬಿಡಲಿಲ್ಲ, ಓದನ್ನು ಮುಂದಕ್ಕೆ ಹಾಕಿದರು. 2005ರ ಮೇ 25ರಂದು ಗೆದ್ದವರು 2006ರ ಮೇ ತಿಂಗಳಲ್ಲಿ ಅದೇ ವಿಶ್ವವಿದ್ಯಾಲಯದಿಂದ, ಉನ್ನತ ಶ್ರೇಣಿಯ ಗೌರವದೊಂದಿಗೆ ಪದವಿ ಪಡೆದರು. ಅಷ್ಟು ಹೊತ್ತಿಗೆ ಅವರ ಮೊದಲ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಗಿತ್ತು. ಪದವಿ ಇಲ್ಲದಿದ್ದರೂ ಊಟಕ್ಕೆ ತೊಂದರೆಯಾಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆದರೂ ಹೋಗಿ ಮುಗಿಸಿದರು.

ಹಾಡುಗಾರರು ಸಹಿ ಹಾಕುವ ಮುನ್ನ ಅವರ ಒಪ್ಪಂದಗಳನ್ನು ಓದಿ ಅರ್ಥ ಹೇಳುವುದು ನನ್ನ ಕೆಲಸ. ಗೆದ್ದವರ ಕಥೆಗಳನ್ನು ನಾನು ವೇದಿಕೆಯ ಕಡೆಯಿಂದ ನೋಡುವುದಕ್ಕಿಂತ ಕಾಗದಪತ್ರದ ಕಡೆಯಿಂದ ನೋಡುವುದೇ ಹೆಚ್ಚು. ಈ ಉತ್ತರದಲ್ಲಿ ಆ ಓರೆ ಕಂಡರೆ ಆಶ್ಚರ್ಯಪಡಬೇಡಿ.

ಮೊದಲು ಕ್ಯಾರಿಯವರ ಬದುಕು. ಹುಟ್ಟಿದ್ದು 1983ರ ಮಾರ್ಚ್ 10ರಂದು, ಅಮೆರಿಕದ ಓಕ್ಲಹೋಮ ರಾಜ್ಯದ ಮಸ್ಕೋಗಿಯಲ್ಲಿ. ಬೆಳೆದದ್ದು ಅದೇ ಸೀಮೆಯ ಚೆಕೋಟಾ ಎಂಬ ಪುಟ್ಟ ಪಟ್ಟಣದ ಬಳಿ, ಹೆತ್ತವರ ಹೊಲದ ಮನೆಯಲ್ಲಿ. ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ತಂದೆ ಮರ ಕೊಯ್ಯುವ ಗಿರಣಿಯ ಕೆಲಸಗಾರ. ಮೂವರು ಹೆಣ್ಣುಮಕ್ಕಳಲ್ಲಿ ಇವರೇ ಕೊನೆಯವರು. ಚಿಕ್ಕಂದಿನಲ್ಲಿ ಹಾಡಿದ್ದು ಚರ್ಚಿನಲ್ಲಿ, ಊರಿನ ಉತ್ಸವಗಳಲ್ಲಿ, ಲಯನ್ಸ್ ಕ್ಲಬ್ಬಿನ ಕೂಟಗಳಲ್ಲಿ. ಇಲ್ಲಿಯವರೆಗೆ ಇದು ಯಾವುದೇ ಸಣ್ಣ ಊರಿನ ಒಳ್ಳೆಯ ಕಂಠದ ಹುಡುಗಿಯ ಕಥೆ.

ಇದರ ನಡುವೆ ಒಂದು ಘಟನೆ ಇದೆ, ಅದನ್ನು ನಿಮ್ಮ ತಂಗಿಗೆ ತಪ್ಪದೇ ಹೇಳಿ. 1996ರ ಸುಮಾರಿಗೆ, ಇನ್ನೂ ಹದಿಮೂರು ಹದಿನಾಲ್ಕರ ಹುಡುಗಿಯಾಗಿದ್ದಾಗ, ಊರಿನ ಅಭಿಮಾನಿಯೊಬ್ಬರ ನೆರವಿನಿಂದ ಕ್ಯಾರಿ ಸಂಗೀತ ಕಂಪನಿಗಳ ನೆಲೆಯಾದ ನ್ಯಾಶ್‌ವಿಲ್‌ಗೆ ಹೋಗಿ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿಯವರ ಮುಂದೆ ಹಾಡಿದರು. ಕಂಪನಿಗೆ ಹಿಡಿಸಿತು. ಒಪ್ಪಂದದ ಕಾಗದ ಸಿದ್ಧವಾಗುತ್ತಿರುವಾಗಲೇ ಕಂಪನಿಯ ಆಡಳಿತ ಬದಲಾಯಿತು, ಮಾತು ಅಲ್ಲಿಗೇ ಮುರಿಯಿತು. ಹುಡುಗಿಯ ಹಾಡಿನಲ್ಲಿ ಕೊರತೆ ಇರಲಿಲ್ಲ. ಮೇಲಿನ ಕುರ್ಚಿಯಲ್ಲಿ ಕುಳಿತವರು ಬದಲಾದರು, ಅಷ್ಟೆ. ಈ ರಂಗದಲ್ಲಿ ಇಂಥದ್ದು ದಿನನಿತ್ಯದ ಮಾತು. ಆಗ ಅದು ಕೈಗೂಡದಿದ್ದುದೇ ಒಳ್ಳೆಯದಾಯಿತು, ನಾನಿನ್ನೂ ಸಿದ್ಧಳಾಗಿರಲಿಲ್ಲ ಎಂಬ ಅರ್ಥದ ಮಾತನ್ನು ಕ್ಯಾರಿಯವರೇ ಮುಂದೆ ಆಡಿದ್ದಾರೆ.

2001ರಲ್ಲಿ ಚೆಕೋಟಾ ಹೈಸ್ಕೂಲಿನಿಂದ ಹೊರಬಂದಾಗ ಅವರು ಇಡೀ ತರಗತಿಗೆ ಎರಡನೆಯ ಸ್ಥಾನ ಪಡೆದಿದ್ದರು. ಅಲ್ಲಿಗೆ ಹಾಡಿನ ಕನಸನ್ನು ಹೆಚ್ಚುಕಡಿಮೆ ಮಡಚಿಟ್ಟು, ಮುಂದಿನ ಬದುಕಿಗೆ ಏನಾದರೂ ಗಟ್ಟಿ ದಾರಿ ಬೇಕು ಎಂದು ಟಾಲೆಕ್ವಾದ ನಾರ್ತ್‌ಈಸ್ಟರ್ನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಆರಿಸಿಕೊಂಡದ್ದು ಸಮೂಹ ಸಂವಹನ, ಅದರಲ್ಲಿ ಪತ್ರಿಕೋದ್ಯಮಕ್ಕೆ ಒತ್ತು. ಈ ಟಾಲೆಕ್ವಾ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದ ರಾಜಧಾನಿ. ವಿಶ್ವವಿದ್ಯಾಲಯದ ಬೇರು ಕೂಡ 1851ರಲ್ಲಿ ಚೆರೋಕಿಗಳು ತಮ್ಮ ಹೆಣ್ಣುಮಕ್ಕಳಿಗಾಗಿ ತೆರೆದ ವಿದ್ಯಾಲಯದಲ್ಲಿದೆ. ತಮ್ಮ ನೆಲದಿಂದ ಒಕ್ಕಲೆಬ್ಬಿಸಲ್ಪಟ್ಟು ಬಂದ ಒಂದು ಜನಾಂಗ ಹೊಸ ಜಾಗದಲ್ಲಿ ನೆಲೆನಿಂತ ಕೆಲವೇ ವರ್ಷಗಳಲ್ಲಿ ಹುಡುಗಿಯರ ಶಾಲೆ ಕಟ್ಟಿತ್ತು. ಕೇಳಿದ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದ್ದಲ್ಲ. ಆದರೂ ಹೇಳದೆ ದಾಟಲು ಮನಸ್ಸು ಬರಲಿಲ್ಲ.

ಕಾಲೇಜಿನ ಆ ವರ್ಷಗಳಲ್ಲಿ ಕ್ಯಾರಿ ಮಾಡಿದ ಕೆಲಸಗಳ ಪಟ್ಟಿ ತಮಾಷೆಯಾಗಿದೆ: ಪಿಜ್ಜಾ ಅಂಗಡಿಯಲ್ಲಿ ಬಡಿಸುವುದು, ಮೃಗಾಲಯದಲ್ಲಿ ದುಡಿಮೆ, ಪಶುವೈದ್ಯರ ಆಸ್ಪತ್ರೆಯಲ್ಲಿ ಸಹಾಯ, ರಾಜ್ಯದ ಶಾಸಕರೊಬ್ಬರ ಬಳಿ ಓಡಾಟದ ಕೆಲಸ. ಇವುಗಳಿಗಿಂತ ನಮಗೆ ಮುಖ್ಯವಾದದ್ದು ವಿಶ್ವವಿದ್ಯಾಲಯವೇ ಬೇಸಿಗೆಯಲ್ಲಿ ನಡೆಸುತ್ತಿದ್ದ, ಅಮೆರಿಕದ ಹಳ್ಳಿಗಾಡಿನ ಶೈಲಿಯಾದ ಕಂಟ್ರಿ ಸಂಗೀತದ ಕಾರ್ಯಕ್ರಮ. ಅದರಲ್ಲಿ ಅವರು ಎರಡು ವರ್ಷ ಹಾಡಿದರು. ನಿಗದಿತ ಸಮಯಕ್ಕೆ ವೇದಿಕೆ ಏರುವುದು, ಸಹಗಾಯಕರೊಂದಿಗೆ ಹೊಂದಿಕೊಳ್ಳುವುದು, ಗಂಟಲು ಕೆಟ್ಟ ದಿನವೂ ಹಾಡಿ ಮುಗಿಸುವುದು, ಎದುರು ಕುಳಿತವರು ಬೇಸರದಿಂದ ಎದ್ದು ಹೋಗದಂತೆ ನೋಡಿಕೊಳ್ಳುವುದು, ಇದೆಲ್ಲ ಅಂಥ ಕಡೆ ಮೈಗೂಡುತ್ತದೆ. ಟಿವಿಯಲ್ಲಿ ಕಾಣಿಸಿದ ‘ಹಳ್ಳಿಯ ಮುಗ್ಧ ಹುಡುಗಿ’ ನಿಜವಾಗಿ ತಾಲೀಮು ಪಡೆದ ಗಾಯಕಿಯಾಗಿದ್ದರು. ವಾಹಿನಿಗಳಿಗೆ ಮೊದಲನೆಯ ಚಿತ್ರವೇ ಇಷ್ಟ. ತೆರೆಯ ಮೇಲೆ ‘ಏನೂ ಇಲ್ಲದವರು ಎಲ್ಲವನ್ನೂ ಗೆದ್ದರು’ ಎಂದರೆ ಕಥೆ ಚೆನ್ನಾಗಿ ಓಡುತ್ತದೆ. ಎರಡು ಬೇಸಿಗೆ ತಾಲೀಮು ಮಾಡಿದವರು ಗೆದ್ದರು ಎಂದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ನಿಮ್ಮ ತಂಗಿಯ ತಲೆಯಲ್ಲಿರುವ ಕ್ಯಾರಿ ಬಹುಶಃ ಆ ಮೊದಲನೆಯ ಚಿತ್ರದ ಕ್ಯಾರಿ.

2004ರ ಬೇಸಿಗೆಯಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಆಯ್ಕೆಯಲ್ಲಿ ಅವರು ಹಾಡಿದರು. ಮುಂದಿನ ವಸಂತದಲ್ಲಿ, ಸ್ಪರ್ಧೆ ನಡುವಿನಲ್ಲಿರುವಾಗಲೇ, ಕಟುಮಾತಿಗೆ ಹೆಸರಾದ ತೀರ್ಪುಗಾರ ಸೈಮನ್ ಕವೆಲ್ ಒಂದು ಭವಿಷ್ಯ ನುಡಿದರು: ಗೆಲ್ಲುವುದು ಈಕೆಯೇ, ಹಿಂದಿನ ವಿಜೇತರೆಲ್ಲರಿಗಿಂತ ಹೆಚ್ಚು ಆಲ್ಬಮ್ ಮಾರುವುದೂ ಈಕೆಯೇ. ಅಂತಿಮ ಸುತ್ತಿನಲ್ಲಿ ಬೋ ಬೈಸ್ ಅವರನ್ನು ಹಿಂದಿಕ್ಕಿ ಕ್ಯಾರಿ ಗೆದ್ದರು.

ಇನ್ನು ಗೆಲುವಿನ ನಂತರದ ದಿನಗಳು. ಮೊದಲ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಗೆ ಬಂದದ್ದೇ ಮೊದಲನೆಯ ಸ್ಥಾನದಲ್ಲಿ. ಬೇಸಿಗೆಯಿಡೀ ಸಹಸ್ಪರ್ಧಿಗಳೊಂದಿಗೆ ಊರೂರಿನ ಪ್ರವಾಸ. ನವೆಂಬರಿನಲ್ಲಿ ಆಲ್ಬಮ್, ಅಮೆರಿಕದಲ್ಲೇ 70 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮುಂದೆ ಮಾರಾಟವಾದವು. 2006ರ ಮೇ ತಿಂಗಳಲ್ಲಿ ಪದವಿ. 2007ರ ಫೆಬ್ರುವರಿಯಲ್ಲಿ ವರ್ಷದ ಹೊಸ ಕಲಾವಿದೆಗೆ ಸಲ್ಲುವ ಗ್ರ್ಯಾಮಿ ಸಂಗೀತ ಪ್ರಶಸ್ತಿ. ಈ ಓಟದ ನಡುವೆ ಪದವಿ ಹೇಗೆ ಸಾಧ್ಯವಾಯಿತು? ಅಲ್ಲಿನ ವ್ಯವಸ್ಥೆಯಲ್ಲಿ ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಲೆಕ್ಕ. ಪದವಿಗೆ ಸಾಮಾನ್ಯವಾಗಿ 120ರ ಆಸುಪಾಸು ಬೇಕು. ಒಮ್ಮೆ ಗಳಿಸಿದ ಕ್ರೆಡಿಟ್ಟು ನಡುವೆ ಒಂದು ವರ್ಷ ಬಿಟ್ಟರೂ ಖಾತೆಯಲ್ಲೇ ಉಳಿಯುತ್ತದೆ. 2001ರಲ್ಲಿ ಸೇರಿದ ಕ್ಯಾರಿ ಸ್ಪರ್ಧೆಗೆ ಹೋಗುವ ಹೊತ್ತಿಗೆ ಓದಿನ ಬಹುಭಾಗ ಮುಗಿಸಿದ್ದರು. ಉಳಿದದ್ದು ಬಾಲ ಮಾತ್ರ. ಮೊದಲ ವರ್ಷದಲ್ಲೇ ಎದ್ದು ಹೋಗಿದ್ದರೆ ಆ ಖ್ಯಾತಿಯ ನಡುವೆ ನಾಲ್ಕು ವರ್ಷದ ಓದಿಗೆ ಮರಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ತಂಗಿಯೂ ಕೊನೆಯ ವರ್ಷದಲ್ಲಿರುವುದರಿಂದ ಈ ಲೆಕ್ಕವನ್ನೇ ಹೆಚ್ಚಾಗಿ ನೋಡಿ. ಅವಳು ಈಗ ಬಿಡಲು ಹೊರಟಿರುವುದು ಇಡೀ ಓದನ್ನಲ್ಲ, ಅದರ ಕೊನೆಯ ತುಂಡನ್ನು. ಬಿಟ್ಟು ಮರಳದೇ ಹೋದರೆ ಹಿಂದಿನ ವರ್ಷಗಳೂ ಅದರ ಜೊತೆಗೇ ಹೋಗುತ್ತವೆ.

ಹೀಗೆ ಮುಗಿಸಿದವರು ಕ್ಯಾರಿ ಒಬ್ಬರೇ ಅಲ್ಲ. ಅದೇ ಸ್ಪರ್ಧೆಯಲ್ಲಿ 2003ರಲ್ಲಿ ಎರಡನೆಯ ಸ್ಥಾನ ಪಡೆದ ಕ್ಲೇ ಏಕನ್ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಕೇಂದ್ರದಲ್ಲಿ ವಿಶೇಷ ಶಿಕ್ಷಣ ಓದುತ್ತಿದ್ದರು. ಆಟಿಸಂ ಇದ್ದ ಒಬ್ಬ ಹುಡುಗನಿಗೆ ಸಹಾಯಕರಾಗಿದ್ದರು; ಸ್ಪರ್ಧೆಗೆ ಹೋಗಿ ಎಂದು ಹುರಿದುಂಬಿಸಿದ್ದು ಆ ಹುಡುಗನ ತಾಯಿಯೇ. ಸ್ಪರ್ಧೆ ಮುಗಿದು ಪ್ರವಾಸದಲ್ಲಿರುವಾಗಲೇ ಬಾಕಿ ಪಾಠಗಳನ್ನು ಮುಗಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಪದವಿ ಪಡೆದರು. ಅಂಗವೈಕಲ್ಯವುಳ್ಳ ಮಕ್ಕಳನ್ನು ಎಲ್ಲರ ಜೊತೆ ಬೆರೆಸುವ ಕೆಲಸಕ್ಕೆ ಒಂದು ಪ್ರತಿಷ್ಠಾನವನ್ನೂ ಕಟ್ಟಿದರು. ಇಲ್ಲಿ ಓದು ಹಾಡಿಗೆ ಊರುಗೋಲಾಗಿ ಬರಲಿಲ್ಲ; ಹಾಡು ತಂದ ಹೆಸರನ್ನು ಎಲ್ಲಿ ಬಳಸಬೇಕು ಎಂಬುದನ್ನು ಓದು ತೋರಿಸಿತು.

2011ರಲ್ಲಿ ಹದಿನೇಳರ ವಯಸ್ಸಿಗೆ ಗೆದ್ದ ಸ್ಕಾಟಿ ಮೆಕ್ರಿಯರಿ ತಮ್ಮ ಹೈಸ್ಕೂಲಿಗೆ ಮರಳಿ ಮರುವರ್ಷ ಅದನ್ನು ಮುಗಿಸಿದರು. ಶಾಲೆಯ ಬೇಸ್‌ಬಾಲ್ ತಂಡದಲ್ಲೂ ಆಡಿದರು. ಮುಂದೆ ವಿಶ್ವವಿದ್ಯಾಲಯ ಸೇರಿದರಾದರೂ ಪ್ರವಾಸಗಳ ಒತ್ತಡದಲ್ಲಿ ಅದು ದಡ ಸೇರಲಿಲ್ಲ. 2008ರ ವಿಜೇತ ಡೇವಿಡ್ ಕುಕ್ ಗ್ರಾಫಿಕ್ ವಿನ್ಯಾಸದ ಪದವಿ ಮುಗಿಸಿಕೊಂಡೇ ಬಂದಿದ್ದರು. ಬ್ರಿಟನ್ನಿನ ‘ಪಾಪ್ ಐಡಲ್’ ಮೊದಲ ವಿಜೇತ ವಿಲ್ ಯಂಗ್ ಎಕ್ಸಿಟರ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಪದವೀಧರ.

ನಿಮ್ಮ ತಂಗಿಯ ಪರವಾಗಿ ವಾದಿಸಲು ಸಾಕ್ಷಿ ಬೇಕಾದರೆ ನಾನೇ ಕೊಡುತ್ತೇನೆ. ‘ಅಮೆರಿಕನ್ ಐಡಲ್’ನ ಮೊಟ್ಟಮೊದಲ ವಿಜೇತೆ ಕೆಲ್ಲಿ ಕ್ಲಾರ್ಕ್‌ಸನ್ ಕಾಲೇಜಿಗೇ ಹೋಗಲಿಲ್ಲ. ಟೆಕ್ಸಸ್‌ನ ಬರ್ಲ್‌ಸನ್ ಊರಿನ ಈ ಹುಡುಗಿ ಶಾಲೆಯ ಓಣಿಯಲ್ಲಿ ಹಾಡಿಕೊಳ್ಳುತ್ತಿದ್ದುದನ್ನು ಕೇಳಿ ವೃಂದಗಾನದ ಶಿಕ್ಷಕಿ ಕರೆದು ತರಬೇತಿಗೆ ಹಚ್ಚಿದರು. ಹೈಸ್ಕೂಲು ಮುಗಿದಾಗ ದೊಡ್ಡ ದೊಡ್ಡ ಕಡೆಗಳಿಂದ ವಿದ್ಯಾರ್ಥಿವೇತನದೊಂದಿಗೆ ಕರೆ ಬಂದಿತ್ತು. ಬರ್ಕ್‌ಲಿ ಸಂಗೀತ ಕಾಲೇಜೂ ಅದರಲ್ಲಿ ಒಂದು. ಎಲ್ಲವನ್ನೂ ಬೇಡವೆಂದರು. ಆಗಲೇ ಹಾಡುಗಳನ್ನು ಬರೆದಿದ್ದೇನೆ, ಅದನ್ನೇ ಪ್ರಯತ್ನಿಸುತ್ತೇನೆ, ಕಾಲೇಜಿಗೆ ಹೋಗಲು ವಯಸ್ಸು ಮೀರುವುದಿಲ್ಲ ಎಂಬುದು ಅವರ ವಾದವಾಗಿತ್ತು. ಲಾಸ್ ಏಂಜಲೀಸ್‌ಗೆ ಹೋದರು, ಅಲ್ಲಿ ಕೈಹಿಡಿಯುವವರು ಸಿಗಲಿಲ್ಲ, ಬಾಡಿಗೆ ಮನೆಗೂ ಬೆಂಕಿ ಬಿತ್ತು, ಊರಿಗೆ ಮರಳಿದರು. ಆಮೇಲೆ 2002ರ ಸೆಪ್ಟೆಂಬರ್ 4ರ ಗೆಲುವು. 2019ರಲ್ಲಿ ಅವರ ಹೆಸರಿನಲ್ಲೇ ಒಂದು ದೈನಂದಿನ ಟಿವಿ ಕಾರ್ಯಕ್ರಮ ಆರಂಭವಾಯಿತು. ಪದವಿ ಇಲ್ಲದಿರುವುದು ಅವರಿಗೆ ಎಲ್ಲಿಯೂ ಅಡ್ಡ ಬರಲಿಲ್ಲ. ಆದರೆ ಅವರು ಬಿಟ್ಟದ್ದು ಇನ್ನೂ ಆರಂಭವೇ ಆಗದ ಓದನ್ನು, ಅದೂ ತಾವೇ ಬರೆದ ಹಾಡುಗಳನ್ನು ಕೈಯಲ್ಲಿಟ್ಟುಕೊಂಡು. ಟಿವಿ ಸ್ಪರ್ಧೆಯ ಎರಡು ಸುತ್ತಿನ ಭರವಸೆಯ ಮೇಲೆ ಬಿಟ್ಟದ್ದಲ್ಲ. ಬಿಟ್ಟಾಗ ಆ ಸ್ಪರ್ಧೆ ಹುಟ್ಟಿಯೇ ಇರಲಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ: ಗೆದ್ದವರಿಗೆ ಓದಿನ ಉಪಯೋಗವೇನು. ಹಾಡಲು ಪದವಿ ಬೇಡ. ಮತ ಹಾಕುವವರು ಅಂಕಪಟ್ಟಿ ಕೇಳುವುದಿಲ್ಲ. ಓದು ಬೇಕಾಗುವುದು ವೇದಿಕೆಯಿಂದ ಇಳಿದ ಮೇಲೆ, ಮೇಜಿನ ಮೇಲೆ ಕಾಗದಗಳನ್ನು ಹರಡಿದಾಗ.

2004ರ ವಿಜೇತೆ ಫ್ಯಾಂಟೇಸಿಯಾ ಬಾರಿನೊ ಅವರದು ನಾನು ಕೇಳಿದ ಅತ್ಯುತ್ತಮ ಕಂಠಗಳಲ್ಲಿ ಒಂದು. ಉತ್ತರ ಕ್ಯಾರೊಲಿನಾದ ಹೈ ಪಾಯಿಂಟ್ ಊರಿನವರು, ಹೈಸ್ಕೂಲು ಅರ್ಧಕ್ಕೇ ನಿಂತಿತ್ತು, ಹದಿಹರೆಯದಲ್ಲೇ ತಾಯಿಯಾಗಿದ್ದರು. ಗೆದ್ದ ಮರುವರ್ಷ ಅವರೇ ಬಹಿರಂಗವಾಗಿ ಹೇಳಿಕೊಂಡರು: ನನಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ, ಸ್ಪರ್ಧೆಯಲ್ಲಿ ಬರೆದುಕೊಟ್ಟದ್ದನ್ನು ಓದುವ ಸಂದರ್ಭ ಬಂದರೆ ಹೇಗೋ ನಿಭಾಯಿಸುತ್ತಿದ್ದೆ, ನನಗೇ ಓದಲಾಗದ ಒಪ್ಪಂದಗಳಿಗೆ ಸಹಿ ಹಾಕಿದ್ದೇನೆ. ಇದನ್ನು ಹೇಳಲು ಎಂಥ ಧೈರ್ಯ ಬೇಕು ಯೋಚಿಸಿ. ಮುಂದೆ ಅವರು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಮಿಂಚಿದರು, 2023ರಲ್ಲಿ ದೊಡ್ಡ ಚಿತ್ರವೊಂದರ ನಾಯಕಿಯಾದರು. ಓದಿಲ್ಲದವರು ಸೋಲುತ್ತಾರೆ ಎಂಬ ಪಾಠಕ್ಕೆ ಅವರ ಬದುಕನ್ನು ಬಳಸಿಕೊಂಡರೆ ಅದು ಅನ್ಯಾಯ. ನನ್ನನ್ನು ಕಾಡುವುದು ಆ ಸಹಿಗಳು. ಇಪ್ಪತ್ತರ ಹರೆಯ, ಕೋಟ್ಯಂತರ ವೀಕ್ಷಕರು, ಎದುರಿಗೆ ಸಣ್ಣಕ್ಷರದ ಪುಟಗಳು, ಪಕ್ಕದಲ್ಲಿ ಓದಿ ಹೇಳುವವರು ಯಾರೋ ಏನೋ.

ಓದು ಬಂದವರೂ ಅಲ್ಲಿ ಸಿಕ್ಕಿಬೀಳುತ್ತಾರೆ ಎಂಬುದಕ್ಕೆ 2012ರ ವಿಜೇತ ಫಿಲಿಪ್ ಫಿಲಿಪ್ಸ್ ಸಾಕ್ಷಿ. ಜಾರ್ಜಿಯಾದ ಈ ಹುಡುಗ ಆಲ್ಬನಿ ತಾಂತ್ರಿಕ ಕಾಲೇಜಿನಲ್ಲಿ ಕೈಗಾರಿಕಾ ಯಂತ್ರವ್ಯವಸ್ಥೆಯ ಕೋರ್ಸ್ ಮುಗಿಸಿದ್ದರು. ಸ್ಪರ್ಧೆಯ ಕಾರಣಕ್ಕೆ ತಮ್ಮದೇ ಪದವಿ ಸಮಾರಂಭಕ್ಕೆ ಹೋಗಲಾಗಲಿಲ್ಲ. ಗೆದ್ದರು, ಮೊದಲ ಹಾಡು ಭರ್ಜರಿ ಯಶಸ್ಸು ಕಂಡಿತು. 2015ರ ಜನವರಿಯಲ್ಲಿ ಅವರು ಕ್ಯಾಲಿಫೋರ್ನಿಯಾದ ಕಾರ್ಮಿಕ ಆಯುಕ್ತರ ಮುಂದೆ ಕಾರ್ಯಕ್ರಮದ ಹಿಂದಿರುವ ಕಂಪನಿಯ ಮೇಲೆ ದೂರು ಕೊಟ್ಟರು. ಗೆದ್ದವರನ್ನು ದಬ್ಬಾಳಿಕೆಯ ಒಪ್ಪಂದಗಳಲ್ಲಿ ಕಟ್ಟಿಹಾಕಲಾಗಿದೆ, ಪರವಾನಗಿಯಿಲ್ಲದೆ ಏಜೆಂಟರ ಕೆಲಸ ಮಾಡಲಾಗಿದೆ ಎಂಬುದು ದೂರಿನ ತಿರುಳು. ತನ್ನದೇ ಎರಡನೆಯ ಆಲ್ಬಮಿನ ಹೆಸರು ಹೊರಗೆ ಪ್ರಕಟವಾಗುವವರೆಗೆ ತನಗೇ ಗೊತ್ತಿರಲಿಲ್ಲ ಎಂದೂ ಅದರಲ್ಲಿತ್ತು. 2017ರಲ್ಲಿ ಎರಡೂ ಕಡೆಯವರು ರಾಜಿಯಾದರು.

ಇಂಥ ಒಪ್ಪಂದದ ಒಂದೇ ಒಂದು ಷರತ್ತನ್ನು ಹತ್ತಿರದಿಂದ ತೋರಿಸುತ್ತೇನೆ, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅದು ಮುಂಗಡ ಹಣದ ವಸೂಲಿ. ಕಂಪನಿ ಗಾಯಕಿಗೆ 100 ರೂಪಾಯಿ ಮುಂಗಡ ಕೊಟ್ಟಿತೆನ್ನಿ. ಧ್ವನಿಮುದ್ರಣ, ವಿಡಿಯೊ, ಪ್ರಚಾರಕ್ಕೆ 150 ಖರ್ಚು ಮಾಡಿತು. ಮಾರಾಟದ ಆದಾಯದಲ್ಲಿ ಗಾಯಕಿಗೆ ರಾಯಧನ ಶೇಕಡಾ 15. ಕೇಳಲು ಸೊಗಸಾಗಿದೆ. ಆದರೆ ಷರತ್ತು ಹೇಳುವುದೇನೆಂದರೆ, ಮುಂಗಡವನ್ನೂ ಖರ್ಚನ್ನೂ ಗಾಯಕಿಯ ಪಾಲಿನಿಂದಲೇ ಮುರಿದುಕೊಳ್ಳಲಾಗುವುದು. ಅಂದರೆ ಆ 250 ರೂಪಾಯಿ ತೀರಬೇಕಾದದ್ದು ಒಟ್ಟು ಆದಾಯದಿಂದಲ್ಲ, ಅದರ ಶೇಕಡಾ 15ರಿಂದ. 250 ತೀರಲು ಆದಾಯ ಸುಮಾರು 1,667 ಆಗಬೇಕು. ಆ ಹೊತ್ತಿಗೆ ಕಂಪನಿಯ ಕೈಯಲ್ಲಿ ಖರ್ಚು ಕಳೆದು 1,417 ಉಳಿದಿರುತ್ತದೆ. ಗಾಯಕಿಗೆ ಸಿಕ್ಕಿರುವುದು ಮೊದಲು ಕೊಟ್ಟ ಆ 100 ಮಾತ್ರ. ಹಾಡು ಎಲ್ಲೆಡೆ ಮೊಳಗುತ್ತಿದೆ, ಪಾವತಿ ಪಟ್ಟಿಯಲ್ಲಿ ಸೊನ್ನೆ. ಇದು ಮೋಸವಲ್ಲ, ಸಹಿ ಹಾಕಿ ಒಪ್ಪಿಕೊಂಡದ್ದು. ಯಾವ ಖರ್ಚನ್ನು ಎಷ್ಟು ಮುರಿದುಕೊಳ್ಳಬಹುದು ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. ಪ್ರಚಾರವನ್ನು ಹೊರಗಿಡಿ, ವಿಡಿಯೊದಲ್ಲಿ ಅರ್ಧ ಮಾತ್ರ ಸೇರಿಸಿ ಎಂದು ಚೌಕಾಶಿ ಮಾಡಬಹುದು, ಮಾಡುವವರು ಮಾಡುತ್ತಾರೆ. ಇದನ್ನು ಅರಿಯಲು ಪದವಿಯೂ ಬೇಡ, ಶೇಕಡಾವಾರು ಲೆಕ್ಕ ಸಾಕು. ಆದರೆ ನಲವತ್ತು ಪುಟ ತಾಳ್ಮೆಯಿಂದ ಓದುವ, ಅರ್ಥವಾಗದ ಕಡೆ ನಾಚದೆ ಪ್ರಶ್ನೆ ಕೇಳುವ, ‘ನಾಳೆ ಹೇಳುತ್ತೇನೆ’ ಎನ್ನುವ ಅಭ್ಯಾಸ ಬೇಕು. ಒಳ್ಳೆಯ ಕಾಲೇಜು ಕಲಿಸುವುದು ಹೆಚ್ಚಾಗಿ ಇದನ್ನೇ. ಕಾಲೇಜಿಲ್ಲದೆಯೂ ಇದನ್ನು ಕಲಿತವರಿದ್ದಾರೆ.

ಬಹುಮಾನದ ಹಣದಲ್ಲಿ ತೆರಿಗೆಯ ಪಾಲಿದೆ ಎಂಬುದನ್ನೂ ಮರೆಯಬೇಡಿ. ಹಾಡಿನ ಸ್ಪರ್ಧೆಯದಲ್ಲ, ಆದರೂ ಹೇಳುತ್ತೇನೆ: 2000ದಲ್ಲಿ ‘ಸರ್ವೈವರ್’ ಎಂಬ ಟಿವಿ ಸ್ಪರ್ಧಾ ಕಾರ್ಯಕ್ರಮದ ಅಮೆರಿಕದ ಆವೃತ್ತಿಯ ಮೊದಲ ವಿಜೇತ ರಿಚರ್ಡ್ ಹ್ಯಾಚ್ ಹತ್ತು ಲಕ್ಷ ಡಾಲರ್ ಗೆದ್ದರು, ಅದರ ತೆರಿಗೆ ಕಟ್ಟಲಿಲ್ಲ. 2006ರಲ್ಲಿ 51 ತಿಂಗಳ ಜೈಲು ಶಿಕ್ಷೆಯಾಯಿತು. ಅದೇ 2006ರಲ್ಲಿ ಅದೇ ಕಾರ್ಯಕ್ರಮ ಗೆದ್ದವರು ಯುಲ್ ಕ್ವಾನ್. ಸ್ಟ್ಯಾನ್‌ಫರ್ಡ್ ಪದವಿ, ಯೇಲ್‌ನ ಕಾನೂನು ಪದವಿ ಎರಡೂ ಇದ್ದ ಅವರು ಮುಂದೆ ಅಮೆರಿಕದ ಸಂವಹನ ಆಯೋಗದಲ್ಲಿ ಹಿರಿಯ ಹುದ್ದೆಗೆ ಹೋದರು. ಎರಡು ಉದಾಹರಣೆಯಿಂದ ಸಿದ್ಧಾಂತ ಕಟ್ಟುವುದು ಬೇಡ. ಕ್ವಾನ್ ಅವರಿಗೆ ಗೆಲುವು ಬದುಕಿನ ಒಂದು ಪುಟವಾಗಿ ಉಳಿಯಿತು ಎಂಬಷ್ಟನ್ನು ಗಮನಿಸಿದರೆ ಸಾಕು.

ಮತ್ತೆ ಕ್ಯಾರಿಯವರಿಗೆ ಬರೋಣ. ಮೊದಲ ಆಲ್ಬಮಿನ ಯಶಸ್ಸಿನ ನಂತರ, ಎರಡನೆಯದರಲ್ಲಿ ಹಾಡು ಬರೆಯುವುದರಲ್ಲೂ ಹೆಚ್ಚಾಗಿ ಕೈಜೋಡಿಸಿದರು. 2008ರಲ್ಲಿ ಕಂಟ್ರಿ ಸಂಗೀತದ ಹಳೆಯ ಪೀಠವಾದ ಗ್ರ್ಯಾಂಡ್ ಓಲ್ ಆಪ್ರಿಯ ಸದಸ್ಯೆಯಾದರು. 2009ರಲ್ಲಿ ತಾವು ಬೆಳೆದ ಚೆಕೋಟಾದ ಹೆಸರಿನಲ್ಲಿ ಪ್ರತಿಷ್ಠಾನ ಸ್ಥಾಪಿಸಿ ಅಲ್ಲಿನ ಶಾಲೆಗಳಿಗೆ ವಾದ್ಯಗಳನ್ನು ಕೊಡಿಸಿದರು. ಮದುವೆ, ಇಬ್ಬರು ಗಂಡುಮಕ್ಕಳು. 2017ರ ನವೆಂಬರಿನಲ್ಲಿ ಮನೆಯ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿಯಿತು, ಮುಖಕ್ಕೆ ನಲವತ್ತಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಮುಖ ಮತ್ತು ಧ್ವನಿಯೇ ಬಂಡವಾಳವಾದವರಿಗೆ ಒಂದು ಮೆಟ್ಟಿಲು ತಪ್ಪಿದರೂ ಸಾಕು, ಎಲ್ಲ ನಿಲ್ಲಬಹುದು. ಅವರು ಮರುವರ್ಷದ ಏಪ್ರಿಲ್‌ನಲ್ಲಿ ವೇದಿಕೆಗೆ ಮರಳಿದರು. 2025ರಲ್ಲಿ, ಗೆದ್ದ ಇಪ್ಪತ್ತು ವರ್ಷಗಳ ನಂತರ, ಅದೇ ‘ಅಮೆರಿಕನ್ ಐಡಲ್’ ಕಾರ್ಯಕ್ರಮದ ತೀರ್ಪುಗಾರರ ಕುರ್ಚಿಯಲ್ಲಿ ಕುಳಿತರು. ಪತ್ರಿಕೋದ್ಯಮದ ಪದವಿಯಿಂದ ಒಂದು ದಿನವೂ ಸಂಬಳ ಪಡೆಯಬೇಕಾದ ಪ್ರಮೇಯ ಅವರಿಗೆ ಬರಲಿಲ್ಲ. ಹಾಗೆಂದು ಅದು ವ್ಯರ್ಥವಾಯಿತೇ? ನನಗೆ ಹಾಗೆ ಕಾಣುವುದಿಲ್ಲ. ಸ್ಪರ್ಧೆಗೆ ಹೋಗುವಾಗ ಅವರ ಬೆನ್ನ ಹಿಂದೆ ಮರಳಿ ಹೋಗಲು ಒಂದು ಜಾಗವಿತ್ತು. ಅಂಥ ಜಾಗವಿದ್ದವರು ಎಂಥ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕುವುದಿಲ್ಲ. ಇದು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡದ್ದು: ‘ಇದು ತಪ್ಪಿದರೆ ನನಗೆ ಬೇರೇನೂ ಇಲ್ಲ’ ಎಂದುಕೊಂಡು ಬಂದವರಿಂದಲೇ ಅತಿ ಕೆಟ್ಟ ಷರತ್ತುಗಳಿಗೆ ಸಹಿ ಬೀಳುತ್ತದೆ. ಎದುರಿನ ಕುರ್ಚಿಯವರಿಗೆ ಅದು ಮುಖ ನೋಡಿದೊಡನೆ ತಿಳಿಯುತ್ತದೆ.

ಹಾಗಾದರೆ ನಿಮ್ಮ ತಂಗಿ ಏನು ಮಾಡಬೇಕು? ಸ್ಪರ್ಧೆಗೆ ಹೋಗಲಿ. ಕೊನೆಯ ವರ್ಷ ಮತ್ತೆ ಸಿಗುತ್ತದೆ, ಸ್ಪರ್ಧೆಯ ಕರೆ ಮತ್ತೆ ಬರುತ್ತದೆಂಬ ಭರವಸೆಯಿಲ್ಲ. ಆ ವಿಷಯದಲ್ಲಿ ಅವಳ ಆತುರ ನನಗೆ ಅರ್ಥವಾಗುತ್ತದೆ. ಆದರೆ ತರಗತಿಗೆ ಸುಮ್ಮನೆ ಹೋಗದೆ ಉಳಿಯುವುದಕ್ಕೂ ಅನುಮತಿ ಪಡೆದು ಹೋಗುವುದಕ್ಕೂ ಅಜಗಜಾಂತರ. ಪ್ರಾಂಶುಪಾಲರನ್ನು ಕಂಡು, ಆಯ್ಕೆಪತ್ರ ತೋರಿಸಿ, ಓದನ್ನು ಎಷ್ಟು ಅವಧಿಗೆ ಮುಂದೂಡಬಹುದು, ಈಗಾಗಲೇ ಬಂದಿರುವ ಆಂತರಿಕ ಅಂಕಗಳು ಉಳಿಯುತ್ತವೆಯೇ, ಮರಳಿದಾಗ ಹಳೆಯ ಪಠ್ಯಕ್ರಮದಲ್ಲೇ ಪರೀಕ್ಷೆ ಬರೆಯಬಹುದೇ ಎಂದು ಕೇಳಲಿ. ಉತ್ತರವನ್ನು ಬರಹದಲ್ಲಿ ಪಡೆಯಲಿ. ಬಾಯಿಮಾತಿನ ‘ನೋಡೋಣ’ವನ್ನು ನಂಬಿದವರು ಮರುವರ್ಷ ಹೊಸ ಪ್ರಾಂಶುಪಾಲರ ಮುಂದೆ ನಿಂತಿರುತ್ತಾರೆ.

ಎರಡನೆಯ ವಿಷಯ ಒಪ್ಪಂದ. ಅದು ಗೆದ್ದ ಮೇಲೆ ಬರುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಅದು ಬಹಳ ಮೊದಲೇ ಬರುತ್ತದೆ, ಚಿತ್ರೀಕರಣದ ಗಡಿಬಿಡಿಯ ನಡುವೆ, ಬೇಗ ಸಹಿ ಹಾಕಿಕೊಡಿ ಎಂಬ ಮಾತಿನೊಂದಿಗೆ. ಗೆಲ್ಲದವರನ್ನೂ ಅದು ಕಟ್ಟಿಹಾಕಿರಬಹುದು: ಇಷ್ಟು ಕಾಲ ಬೇರೆ ವಾಹಿನಿಯಲ್ಲಿ ಹಾಡುವಂತಿಲ್ಲ, ಬೇರೆ ಕಂಪನಿಗೆ ಧ್ವನಿ ಕೊಡುವಂತಿಲ್ಲ, ಒಳಗಿನ ವಿಷಯ ಹೊರಗೆ ಆಡುವಂತಿಲ್ಲ. ಒಪ್ಪಂದದ ಪ್ರತಿ ಕೈಗೆ ಬಂದ ಕೂಡಲೇ ನೀವಿಬ್ಬರೂ ಕುಳಿತು ಮೊದಲು ಅವಧಿಯ ಷರತ್ತನ್ನು ಹುಡುಕಿ. ಎಷ್ಟು ವರ್ಷ ಎಂಬುದಕ್ಕಿಂತ ಅದನ್ನು ಮುಂದುವರಿಸುವ ಹಕ್ಕು ಯಾರ ಕೈಯಲ್ಲಿದೆ ಎಂಬುದನ್ನು ನೋಡಿ. ‘ಕಂಪನಿಯ ಇಚ್ಛೆಯ ಮೇರೆಗೆ’ ಎಂಬ ಮಾತು ಕಂಡರೆ ಅದರ ಕೆಳಗೆ ಗೆರೆ ಎಳೆದು, ಆ ಪುಟ ಇತ್ಯರ್ಥವಾಗುವವರೆಗೆ ಉಳಿದ ಯಾವ ಪುಟಕ್ಕೂ ಅವಳು ಸಹಿ ಹಾಕದಿರಲಿ.